ನೆಲಕ್ಕೆ ಹೊಡೆಯುವುದನ್ನು ನಿಲ್ಲಿಸಿದ ಮೇಲೆ

ಮಗು ಎಡವಿ ಬಿದ್ದು ಅಳತೊಡಗಿದರೆ ನಮ್ಮ ಮನೆಗಳಲ್ಲಿ ಹಿರಿಯರು ನೆಲಕ್ಕೆ ಎರಡು ಏಟು ಹಾಕಿ, "ನೋಡು, ನೆಲಕ್ಕೆ ಚೆನ್ನಾಗಿ ಕೊಟ್ಟೆ, ಅಳಬೇಡ ಕಂದ" ಎಂದು ಸಮಾಧಾನಪಡಿಸುತ್ತಾರೆ. ಅಂಗನವಾಡಿ ಕಾರ್ಯಕರ್ತೆಯಾದ ಮೊದಲ ಕೆಲವು ವರ್ಷ ನಾನೂ ಹಾಗೆಯೇ ಮಾಡುತ್ತಿದ್ದೆ. ಹೊಸ್ತಿಲು ಎಡವಿ ಬಿದ್ದ ನಾಲ್ಕು ವರ್ಷದ ಹುಡುಗನೊಬ್ಬ ಎದ್ದವನೇ, ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ ಮಗುವಿನ ಬೆನ್ನಿಗೆ ಗುದ್ದಿದ ದಿನ ನನಗೆ ತಪ್ಪು ಅರಿವಾಯಿತು. ನೋವಾದರೆ ಯಾರಿಗಾದರೂ ಹೊಡೆಯಬೇಕೆಂದು ಅವನಿಗೆ ಕಲಿಸಿದವರು ನಾವೇ ಆಗಿದ್ದೆವು.

ಅಂದಿನಿಂದ ನಾನು ಮತ್ತು ಸಹಾಯಕಿ ಒಂದು ಮಾತಿಗೆ ಬಂದೆವು. ಬಿದ್ದ ಮಗುವಿನ ಪಕ್ಕದಲ್ಲಿ ಕೂರುವುದು, "ಎಲ್ಲಿ ನೋಯ್ತಾ ಇದೆ?" ಎಂದು ಕೇಳುವುದು, ಇನ್ನೊಂದು ಮಗುವಿನ ಕೈಯಲ್ಲಿ ಲೋಟದಲ್ಲಿ ನೀರು ತರಿಸಿ ಗಾಯ ತೊಳೆಯುವುದು, ಅಷ್ಟೇ. ಇಬ್ಬರಲ್ಲಿ ಒಬ್ಬರು ಇದನ್ನು ಪಾಲಿಸದಿದ್ದರೂ ಮಕ್ಕಳಿಗೆ ಅದು ರೂಢಿಯಾಗುವುದಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಕೆಲವು ತಿಂಗಳಲ್ಲಿ ಯಾರಾದರೂ ಅತ್ತರೆ ಮೂರು ವರ್ಷದವರೂ ಹೇಳಿಸಿಕೊಳ್ಳದೆ ಲೋಟಕ್ಕೆ ಓಡುತ್ತಿದ್ದರು.

ಕಚ್ಚುವ ಮಗುವಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಹೊಸದಾಗಿ ಸೇರಿದ ಮೂರು ವರ್ಷದ ಹುಡುಗಿಯೊಬ್ಬಳು ವಾರಕ್ಕೆ ಮೂರು ನಾಲ್ಕು ಬಾರಿ ಕಚ್ಚುತ್ತಿದ್ದಳು. ಅವಳನ್ನು ಬಿಡಿಸಬೇಕೆಂದು ಇತರ ತಾಯಂದಿರು ಕೇಳತೊಡಗಿದ್ದರು. ನಾನು ಅವಳಿಂದ "ಸಾರಿ" ಹೇಳಿಸುತ್ತಿದ್ದೆ. ಅವಳು ಹೇಳುತ್ತಿದ್ದಳು, ಮರುದಿನ ಮತ್ತೆ ಕಚ್ಚುತ್ತಿದ್ದಳು. ಬಲವಂತದ ಕ್ಷಮೆ ದೊಡ್ಡವರ ಸಮಾಧಾನಕ್ಕೆ ಮಾತ್ರ ಎಂದು ಆಗಲೇ ನನಗೆ ಮನದಟ್ಟಾದದ್ದು. ಎರಡು ವಾರ ಅವಳು ಯಾವಾಗ, ಯಾರನ್ನು, ಎಲ್ಲಿ ಕಚ್ಚಿದಳೆಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಹೆಚ್ಚು ಕಡಿಮೆ ಎಲ್ಲವೂ ಹಾಲಿನ ಸರದಿಯಲ್ಲಿ, ಹಿಂದಿನವರು ನೂಕಿದಾಗ ನಡೆದಿದ್ದವು. ಕ್ಷೀರಭಾಗ್ಯ ಯೋಜನೆ 2013ರಲ್ಲಿ ಬಂದಾಗಿನಿಂದ ಮಕ್ಕಳಿಗೆ ಹಾಲಿನ ಪುಡಿಯಿಂದ ಕಾಯಿಸಿದ 150 ಮಿಲಿಲೀಟರ್ ಹಾಲು ಕೊಡುತ್ತೇವೆ. ಅದನ್ನು ಹಂಚಲು ಹಸಿದ ಇಪ್ಪತ್ತೆರಡು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದವಳು ನಾನೇ. ಮಾತು ಇನ್ನೂ ಸರಿಯಾಗಿ ಬಾರದ ಆ ಹುಡುಗಿಗೆ ತನ್ನನ್ನು ಕಾಪಾಡಿಕೊಳ್ಳಲು ಹಲ್ಲಲ್ಲದೆ ಬೇರೇನೂ ಇರಲಿಲ್ಲ.

ಸಾಲನ್ನು ತೆಗೆದುಹಾಕಿ ಮಕ್ಕಳನ್ನು ವೃತ್ತವಾಗಿ ಕೂರಿಸಿದೆ. ಲೋಟಗಳು ಕೈಯಿಂದ ಕೈಗೆ ಸಾಗುವಂತೆ ಮಾಡಿ, ಮೊದಲ ಲೋಟ ದಾಟಿಸುವ ಕೆಲಸವನ್ನು ಅವಳಿಗೇ ಕೊಟ್ಟೆ. ಅಂಗೈ ಮುಂದೆ ಚಾಚಿ "ಬೇಡ" ಎನ್ನುವುದನ್ನು ಅವಳಿಗೆ ದಿನವೂ ಆಟದಂತೆ ಕಲಿಸಿದೆ, ಆ ಕೈ ಕಂಡರೆ ನಿಲ್ಲಬೇಕೆಂದು ಉಳಿದವರಿಗೂ ಕಲಿಸಿದೆ. ಸುಮಾರು ನಾಲ್ಕು ತಿಂಗಳಲ್ಲಿ ಕಚ್ಚುವುದು ನಿಂತಿತು. ಆಮೇಲೊಮ್ಮೆ ಮೈ ಬೆಚ್ಚಗಿದ್ದ ದಿನ ಮತ್ತೆ ಕಚ್ಚಿದಳು. ಆ ದಿನ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡೆ.

"ಹಂಚಿಕೊಂಡು ಆಡಿ" ಎಂಬ ಉಪದೇಶವನ್ನೂ ಬಿಟ್ಟುಬಿಟ್ಟಿದ್ದೇನೆ. ಇರುವ ಒಂದೇ ಮೂರು ಚಕ್ರದ ಸೈಕಲ್ಲಿಗೆ ಅಂಗಳದ ಬೇವಿನ ಮರದ ಸುತ್ತ ಎರಡು ಸುತ್ತು ಎಂಬ ಲೆಕ್ಕವಿದೆ. ಇಳಿದವರೇ ಮುಂದಿನವರಿಗೆ ಹಿಡಿಕೆಯನ್ನು ಕೈಗೆ ಕೊಡಬೇಕು, ನಾನು ಕಸಿದು ಕೊಡುವುದಿಲ್ಲ.

ತಾಯಂದಿರ ಸಭೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಅಜ್ಜಿಯೊಬ್ಬರು, "ದಂಡಂ ದಶಗುಣಂ ಅಂತಾರಲ್ಲಮ್ಮ, ಹೊಡೆಯದೆ ಬುದ್ಧಿ ಬರುತ್ತಾ?" ಎಂದು ಕೇಳಿದರು. ಅವರೊಂದಿಗೆ ವಾದಕ್ಕಿಳಿಯದೆ, ಮೊಮ್ಮಗ ಬಿದ್ದಾಗ ನೆಲಕ್ಕೆ ಹೊಡೆಯುವುದೊಂದನ್ನು ನಿಲ್ಲಿಸಿ ನೋಡಿ ಎಂದು ಬೇಡಿಕೊಂಡೆ. ಕೆಲವು ಮನೆಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಬೇಸಿಗೆ ರಜೆ ಮುಗಿಸಿ ಬರುವ ಮಕ್ಕಳ ಕೈಗಳಲ್ಲಿ ಆ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ಹಾಗಾಗಿ ರಜೆಯ ನಂತರದ ಎರಡು ವಾರ ನಾನು ಹೊಸ ಹಾಡು, ಅಕ್ಷರ ಯಾವುದನ್ನೂ ಆರಂಭಿಸದೆ, ಲೋಟದ ನೀರಿನಿಂದಲೇ ಮತ್ತೆ ಶುರು ಮಾಡುತ್ತೇನೆ.