ಕಾವಲುಗಾರನಿಂದ ಶುರು ಮಾಡಿದೆ

ವಿದ್ಯಾರ್ಥಿಗಳಿಗೆ ನಾಟಕ ಆಡಿಸೋದು ನನ್ನ ಕೆಲಸ. ಹಳೆಯ ನಾಟಕ ಕೈಗೆತ್ತಿಕೊಂಡಾಗೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಇದು ಈಗ ಯಾಕೆ?" ಮೊದಮೊದಲು ಇದಕ್ಕೆ ನನ್ನ ಬಳಿ ಉದ್ದುದ್ದ ಉತ್ತರಗಳಿದ್ದವು. ಮನುಷ್ಯಸ್ವಭಾವ ಬದಲಾಗಿಲ್ಲ, ಅಧಿಕಾರದ ದಾಹ ಅಂದಿನಂತೆಯೇ ಇಂದೂ ಇದೆ, ಇತ್ಯಾದಿ. ಹೇಳುತ್ತಿರುವಾಗ ನನಗೇ ಆಕಳಿಕೆ ಬರುತ್ತಿತ್ತು. ಈಗ "ಗೊತ್ತಿಲ್ಲ, ಓದಿ ನೋಡೋಣ. ಬೇಡ ಅನ್ನಿಸಿದರೆ ಬೇರೆ ತಗೊಳ್ಳೋಣ" ಅಂದುಬಿಡುತ್ತೇನೆ. ಬಾಯಿಮಾತಿಗೆ ಹೇಳೋದಲ್ಲ, ಎರಡು ಸಲ ನಿಜವಾಗಿಯೂ ಬೇರೆ ತೆಗೆದುಕೊಂಡಿದ್ದೇವೆ.

ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ 'ಅಂತಿಗೊನೆ'ಯನ್ನು ಮೊದಲ ಸಲ ಮಾಡಿಸಹೊರಟಾಗ ಕೆಡಿಸಿದ್ದು ನಾನೇ. ಅಥೆನ್ಸ್, ಡಯೊನೈಸಸ್ ಉತ್ಸವ, ಮುಖವಾಡ, ಮೇಳ ಅಂತ ಮುಕ್ಕಾಲು ಗಂಟೆ ಪೀಠಿಕೆ ಹಾಕಿದೆ. ಅಂತಿಗೊನೆಯ ಅಪ್ಪ ಈಡಿಪಸ್‌ನ ವಂಶವೃಕ್ಷವನ್ನು ಬೋರ್ಡಿನ ಮೇಲೆ ಬರೆದೆ. ತಾಯಿಯೇ ಹೆಂಡತಿ, ಮಕ್ಕಳೇ ತಮ್ಮತಂಗಿಯರು ಅನ್ನೋ ಕಡೆ ಬಂದಾಗ ಕಿಸಕ್ಕನೆ ನಗು ಎದ್ದಿತು, ಆಮೇಲೆ ಅದೂ ಇಲ್ಲ. ಓದಲು ಪುಸ್ತಕ ಕೊಟ್ಟರೆ ಎಲ್ಲರೂ ಒಂದೇ ದನಿಯಲ್ಲಿ, ತಲೆ ತಗ್ಗಿಸಿ, ಪ್ರಾರ್ಥನೆ ಹೇಳುವವರ ಹಾಗೆ ಓದಿದರು. ಇದು ದೊಡ್ಡ ನಾಟಕ ಅಂತ ನಾನು ಮೊದಲೇ ಹೇಳಿಬಿಟ್ಟಿದ್ದೆನಲ್ಲ, ಪಾಪ, ಅವರು ಮರ್ಯಾದೆ ಕೊಡುತ್ತಿದ್ದರು.

ಮುಂದಿನ ಸಲ ನಾಟಕದ ಹೆಸರನ್ನೇ ಹೇಳಲಿಲ್ಲ. ಕಾವಲುಗಾರ ಮೊದಲು ಬರುವ ಭಾಗದ ಎರಡು ಪುಟ ಜೆರಾಕ್ಸ್ ಮಾಡಿಸಿ ಹಂಚಿದೆ. ಸಂದರ್ಭ ಇಷ್ಟು: ಊರಿನ ಮೇಲೆ ದಂಡೆತ್ತಿ ಬಂದು ಸತ್ತ ಪೊಲಿನೈಕೀಸ್‌ನ ಹೆಣವನ್ನು ಯಾರೂ ಹೂಳಕೂಡದು ಅಂತ ದೊರೆ ಕ್ರೆಯೋನ್ ಆಜ್ಞೆ ಮಾಡಿದ್ದಾನೆ. ಯಾರೋ ಮಣ್ಣು ಹಾಕಿ ಹೋಗಿದ್ದಾರೆ. ಕಾವಲಿಗಿದ್ದವರು ಚೀಟಿ ಎತ್ತಿದ್ದಾರೆ, ದೊರೆಗೆ ಸುದ್ದಿ ಮುಟ್ಟಿಸುವ ಗ್ರಹಚಾರ ಇವನ ಪಾಲಿಗೆ ಬಂದಿದೆ. ಬಂದವನು ವಿಷಯ ಹೇಳೋದೇ ಇಲ್ಲ. ಓಡಿ ಬಂದೆ ಅನ್ನಲಾರೆ, ದಾರಿಯಲ್ಲಿ ಎಷ್ಟೋ ಸಲ ನಿಂತೆ, ವಾಪಸ್ ತಿರುಗಿದೆ, ಹೋದರೆ ಕೆಡುತ್ತೀ ಅಂತ ಒಂದು ಮನಸ್ಸು, ಇನ್ನೊಬ್ಬನ ಬಾಯಿಂದ ಗೊತ್ತಾದರೆ ಇನ್ನೂ ಕೆಡುತ್ತೀ ಅಂತ ಇನ್ನೊಂದು ಮನಸ್ಸು ಅಂತ ಸುತ್ತುತ್ತಾನೆ.

ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗನೊಬ್ಬನಿಗೆ ಓದಲು ಕೊಟ್ಟೆ. ಮೊದಲ ಸಲ ತಡವರಿಸಿದ. ಎರಡನೇ ಸಲ ಹಾಳೆ ಪಕ್ಕಕ್ಕಿಟ್ಟು ತನ್ನ ಮಾತಿನಲ್ಲೇ ಹೇಳಿದ: ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಕಣ್ಣು ಬಾಗಿಲ ಕಡೆಗೆ. ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಂತು ಅಭ್ಯಾಸವಿದ್ದವನು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು, "ಅಲ್ಲಾ, ಮಣ್ಣು ಹಾಕಿದ್ದು ಯಾರು?" ಆ ಪ್ರಶ್ನೆ ಬಂದ ಮೇಲೆ ಉಳಿದ ಪುಟ ಹಂಚಿದೆ. ಹಾಕಿದ್ದು ಸತ್ತವನ ಒಡಹುಟ್ಟಿದವಳು, ಅಂತಿಗೊನೆ. ಇದು ಕ್ರಿ.ಪೂ. 441ರ ಸುಮಾರಿನದು ಅಂತ ಹೇಳಿದ್ದು ಮೂರನೇ ದಿನ. ಆಗ ಅವರಿಗೆ ಅದರಿಂದ ಆಶ್ಚರ್ಯವಾಯಿತು. ಮೊದಲ ದಿನ ಹೇಳಿದ್ದರೆ ಅದು ನೋಟ್ಸಿಗೆ ಹೋಗುತ್ತಿತ್ತು.

ಪಾತ್ರ ಹಂಚುವಾಗ ಕ್ರೆಯೋನ್ ಯಾರಿಗೂ ಬೇಡ. "ಅವನು ವಿಲನ್." ಆಗ ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸಂಗತಿ ಹೇಳಿದೆ. ಅಲ್ಲಿನ ಜೈಲಿನಲ್ಲಿ ಕೈದಿಗಳು ಇದೇ ನಾಟಕ ಆಡಿದಾಗ ಕ್ರೆಯೋನ್ ಆಗಿದ್ದು ನೆಲ್ಸನ್ ಮಂಡೇಲಾ. ಅಂತಿಗೊನೆಯ ಹಾಗೆ ಕಾನೂನು ಮುರಿದು ಒಳಗೆ ಬಂದವನು ಕಾನೂನು ಮಾಡುವವನ ವೇಷ ಹಾಕಿದ್ದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಕ್ಲಾಸಿನ ಲೀಡರ್ ಎದ್ದು ನಿಂತು, "ಮೇಡಂ, ಯುದ್ಧ ಮುಗಿದಿದ್ದು ನಿನ್ನೆ ತಾನೇ? ಅಧಿಕಾರಕ್ಕೆ ಬಂದ ಮೊದಲ ದಿನವೇ ಮಾತು ವಾಪಸ್ ತಗೊಂಡ್ರೆ ಆಮೇಲೆ ಅವನ ಮಾತು ಯಾರು ಕೇಳ್ತಾರೆ?" ಅಂದ. ಕ್ರೆಯೋನ್ ಸಿಕ್ಕಿದ. ಆದರೂ ಎರಡು ವಾರ ಪಾತ್ರ ಖಾಯಂ ಮಾಡಲಿಲ್ಲ. ದಿನಾ ಅದಲು ಬದಲು, ನಿನ್ನೆ ಅಂತಿಗೊನೆ ಆದವಳು ಇವತ್ತು ಕ್ರೆಯೋನ್. ನಿನ್ನೆ ತಾನೇ ಆಡಿದ ಮಾತಿಗೆ ಇವತ್ತು ತಾನೇ ಜವಾಬು ಹುಡುಕಬೇಕು. ಇಡೀ ತಾಲೀಮಿನಲ್ಲಿ ಇದಕ್ಕಿಂತ ಫಲ ಕೊಟ್ಟ ಕಸರತ್ತು ಇನ್ನೊಂದಿಲ್ಲ.

ಅಪ್ಪ ಮಗನ ಜಗಳದ ದೃಶ್ಯ ಮಾತ್ರ ಬಹಳ ಸತಾಯಿಸಿತು. ಹೈಮೊನ್ ಕ್ರೆಯೋನನ ಮಗ, ಅಂತಿಗೊನೆಯನ್ನು ಮದುವೆಯಾಗಬೇಕಿದ್ದವನು. ಕೊನೆಯಲ್ಲಿ ಒಂದು ಸಾಲಿಗೆ ಒಂದು ಸಾಲು, ಏಟಿಗೆ ತಿರುಗೇಟು. "ಒಬ್ಬನಿಗೇ ಸೇರಿದ ಊರು ಊರೇ ಅಲ್ಲ" ಅನ್ನೋ ಮಾತು ಅಲ್ಲಿಯದು. ನಮ್ಮ ಹೈಮೊನ್ ಅದನ್ನು ಭಾಷಣದ ಹಾಗೆ ಕಿರುಚುತ್ತಿದ್ದ, ಚಪ್ಪಾಳೆಯೂ ಬೀಳುತ್ತಿತ್ತು, ದೃಶ್ಯ ಮಾತ್ರ ಸತ್ತಿರುತ್ತಿತ್ತು. ಒಂದು ದಿನ ಪುಟ ಹಿಂದಕ್ಕೆ ತಿರುಗಿಸಿ, ಅವನು ಬಂದ ಕೂಡಲೇ ಏನು ಹೇಳುತ್ತಾನೆ ಓದು ಅಂದೆ. "ಅಪ್ಪ, ನಾನು ನಿನ್ನವನು." ಎಲ್ಲರೂ ಹಾರಿಸಿಕೊಂಡು ಹೋಗುತ್ತಿದ್ದ ಸಾಲು ಅದು. ಅವನು ಆ ಮಾತನ್ನು ನಿಜವಾಗಿ ಹೇಳಿದ್ದರೆ ಜಗಳ ಕಿರುಚಾಟದಿಂದ ಶುರುವಾಗುವ ಹಾಗಿಲ್ಲ. ಆಮೇಲೆ ಒಂದು ನಿಯಮ ಮಾಡಿದೆ: ಪ್ರತಿ ಸಾಲಿಗೂ ಒಂದೊಂದು ಹೆಜ್ಜೆ ಹತ್ತಿರ ಬನ್ನಿ, ಹತ್ತಿರ ಬಂದಷ್ಟೂ ದನಿ ತಗ್ಗಿಸಿ. ಕೊನೆಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಇಬ್ಬರೂ ಪಿಸುಗುಟ್ಟುತ್ತಿದ್ದರು. ಹೈಮೊನ್ ತಿರುಗಿ ಹೊರಟಾಗ ಕ್ರೆಯೋನನ ಕೈ ತಾನಾಗಿಯೇ ಅವನ ಭುಜದ ಕಡೆ ಹೋಗಿ ಅರ್ಧಕ್ಕೇ ನಿಂತಿತು. ನಾನು ಹೇಳಿಕೊಟ್ಟಿದ್ದಲ್ಲ ಅದು.

ಕತ್ತರಿ ಹಾಕುವ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಹದಿನೈದು ಜನರ ಮೇಳವನ್ನು ಆರಕ್ಕೆ ಇಳಿಸಿದೆ, ಪುರಾಣದ ಹೆಸರುಗಳೇ ತುಂಬಿರುವ ಒಂದು ಹಾಡನ್ನು ಪೂರ್ತಿ ತೆಗೆದೆ. ಮನುಷ್ಯನಷ್ಟು ವಿಚಿತ್ರವಾದದ್ದು ಬೇರೊಂದಿಲ್ಲ ಅನ್ನುವ ಹಾಡನ್ನು ಮಾತ್ರ ಮುಟ್ಟಲಿಲ್ಲ. ಕಡಲು ದಾಟಿದ, ನೆಲ ಉತ್ತ, ಮಾತು ಕಲಿತ, ಸಾವಿಗೊಂದು ಮದ್ದು ಸಿಗಲಿಲ್ಲ ಅನ್ನುವ ಹಾಡು ಅದು.

ನನ್ನ ದೊಡ್ಡ ತಪ್ಪು ಬೇರೆ ಇತ್ತು. ನಾಟಕ 'ಇಂದಿನದು' ಆಗಲಿ ಅಂತ ಕ್ರೆಯೋನ್‌ಗೆ ಕಪ್ಪು ಕನ್ನಡಕ, ಮೇಳಕ್ಕೆ ಟಿವಿ ವರದಿಗಾರರ ಮೈಕು, ಕಾವಲುಗಾರನ ಕೈಗೆ ಮೊಬೈಲ್ ಕೊಟ್ಟೆ. ಮೊದಲ ಹತ್ತು ನಿಮಿಷ ಪ್ರೇಕ್ಷಕರು ಕುಣಿದಾಡಿದರು. ಅಂತಿಗೊನೆಯನ್ನು ಜೀವಂತ ಗುಹೆಗೆ ಹಾಕಲು ಕರೆದೊಯ್ಯುವಾಗಲೂ ಅವರು ಮುಂದಿನ ತಮಾಷೆಗಾಗಿ ಕಾಯುತ್ತಿದ್ದರು. ರೂಪಾಂತರ ಮಾಡಬಾರದು ಅಂತಲ್ಲ. ಸೊಫೋಕ್ಲಿಸ್‌ನದೇ ಇನ್ನೊಂದು ನಾಟಕದ ನಾಯಕ ಏಜಾಕ್ಸ್‌ನನ್ನು ಬಿ.ಎಂ.ಶ್ರೀ ಅಶ್ವತ್ಥಾಮನನ್ನಾಗಿ ಮಾಡಿದರು, ಅಲ್ಲಿ ಬದಲಾದದ್ದು ಒಳಗಿನ ಮೂಳೆ. ನಾನು ಬರೀ ಕನ್ನಡಕ ಬದಲಿಸಿದ್ದೆ. ಮುಂದಿನ ಪ್ರದರ್ಶನಕ್ಕೆ ಎಲ್ಲ ತೆಗೆದುಹಾಕಿ ದಿನನಿತ್ಯದ ಬಟ್ಟೆಯಲ್ಲೇ ಆಡಿಸಿದೆ.

ಎಲ್ಲ ಹಳೆಯ ನಾಟಕವೂ ಹೀಗೆ ಒದಗಿ ಬರುತ್ತದೆ ಅಂದರೆ ಸುಳ್ಳಾಗುತ್ತದೆ. ಶೇಕ್ಸ್‌ಪಿಯರ್‌ನ ಕಾಮೆಡಿಯೊಂದನ್ನು ಹಿಡಿದು ನಾಲ್ಕೇ ದಿನಕ್ಕೆ ಬಿಟ್ಟೆವು, ಶ್ಲೇಷೆಗೆ ವಿವರಣೆ ಕೊಟ್ಟು ನಗಿಸೋದು ಆಗದ ಕೆಲಸ. ಕಾಳಿದಾಸನ 'ಶಾಕುಂತಲ'ದ ಮೊದಲ ಅಂಕದಲ್ಲಿ ಜಿಂಕೆ, ದುಂಬಿ ಬರುವ ಹೊತ್ತಿಗೆ ಅರ್ಧ ಕ್ಲಾಸು ಕಿಟಕಿ ಕಡೆ ನೋಡುತ್ತಿತ್ತು. ಅದನ್ನೂ ಕೆಳಗಿಟ್ಟೆವು. ಆದರೆ ಮರುವರ್ಷ ಐದನೇ ಅಂಕವೊಂದನ್ನೇ, ಉಂಗುರ ಕಳೆದುಕೊಂಡವಳು ರಾಜಸಭೆಯಲ್ಲಿ ನಿಂತು ಸಾಕ್ಷಿ ಹುಡುಕುವುದನ್ನು, ಓದಿದಾಗ ಕಿಡಿ ಹಾರಿತು. ಮಹಾಭಾರತದ ದುಷ್ಯಂತನಿಗೆ ಎಲ್ಲ ನೆನಪಿರುತ್ತದೆ, ಬೇಕೆಂದೇ ಗೊತ್ತಿಲ್ಲ ಅನ್ನುತ್ತಾನೆ. ಶಾಪ, ಉಂಗುರ ಕಾಳಿದಾಸ ತಂದದ್ದು ಅಂದೆ. "ಹಾಗಾದ್ರೆ ಶಾಪ ಅನ್ನೋದು ರಾಜನಿಗೆ ಕೊಟ್ಟ ಜಾಮೀನು" ಅಂದಳು ಒಬ್ಬ ಹುಡುಗಿ. ಅದರ ಮೇಲೆ ಎದ್ದ ಜಗಳ ಗಂಟೆ ಹೊಡೆದ ಮೇಲೂ ನಿಲ್ಲಲಿಲ್ಲ.

ಪ್ರೇಕ್ಷಕರನ್ನು ಮೊದಲೇ ಅಂದಾಜು ಮಾಡುವುದನ್ನು ನಾನು ಬಿಟ್ಟಿದ್ದೇನೆ. "ನಾನು ಬದುಕಿರುವ ತನಕ ಹೆಣ್ಣೊಬ್ಬಳು ನನ್ನನ್ನು ಆಳುವಂತಿಲ್ಲ" ಅಂತ ಕ್ರೆಯೋನ್ ಹೇಳಿದಾಗ ಒಂದು ಪ್ರದರ್ಶನದಲ್ಲಿ ಹುಡುಗಿಯರೆಲ್ಲ ಹೋ ಅಂತ ಕೂಗಿದರು. ನಟ ತಬ್ಬಿಬ್ಬಾಗಿ ಮುಂದಿನ ಮಾತು ಮರೆತ. ಸಾಲು ತೆಗೆಯೋಣವೇ ಅಂತ ಗ್ರೀನ್ ರೂಮಿನಲ್ಲಿ ಚರ್ಚೆಯಾಯಿತು. ಬೇಡ, ಕೂಗು ಮುಗಿಯುವ ತನಕ ಅವರನ್ನೇ ನೋಡುತ್ತಾ ನಿಲ್ಲುತ್ತೇನೆ ಅಂದ ಅವನು. ಮಾರನೆಯ ದಿನ ಹಾಗೆಯೇ ನಿಂತ. ಆ ದಿನ ಯಾರೂ ಕೂಗಲೇ ಇಲ್ಲ, ನಿಲ್ಲುವುದೇ ಕಷ್ಟವಾಯಿತಂತೆ.

ನಮ್ಮ ಕಾವಲುಗಾರನಿಗೆ ಎರಡನೇ ಪ್ರವೇಶವೂ ಇದೆ. ಈ ಸಲ ಅವನು ಅಂತಿಗೊನೆಯನ್ನು ಹಿಡಿದು ತರುತ್ತಾನೆ. ತಾನು ಬಚಾವಾದೆ ಅಂತ ಖುಷಿ, ಬೇಕಾದವರನ್ನು ಕಷ್ಟಕ್ಕೆ ನೂಕಿದೆ ಅಂತ ನೋವು, ಆದರೂ ಎಲ್ಲಕ್ಕಿಂತ ನನ್ನ ಜೀವ ದೊಡ್ಡದು ಅನ್ನುತ್ತಾನೆ. "ಮೇಡಂ, ಇವನು ಕೆಟ್ಟವನಾ?" ಅಂತ ಆ ಹುಡುಗ ತಾಲೀಮಿನಲ್ಲಿ ಮೂರ್ನಾಲ್ಕು ಸಲ ಕೇಳಿದ. ನಾನು ಏನೂ ಹೇಳಲಿಲ್ಲ, ಹೇಳಲು ನನಗೂ ಬರುತ್ತಿರಲಿಲ್ಲ. ಮೊದಲ ಪ್ರದರ್ಶನಗಳಲ್ಲಿ ಆ ಮಾತಿಗೂ ನಗು ಬರುವ ಹಾಗೆ ಮಾಡುತ್ತಿದ್ದ, ಬರುತ್ತಿತ್ತು ಕೂಡ. ಕೊನೆಯ ಪ್ರದರ್ಶನದಲ್ಲಿ ಅಂತಿಗೊನೆಯ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚುತ್ತಾ, ಅವಳ ಮುಖ ನೋಡದೆ, ಮೆಲ್ಲಗೆ ಹೇಳಿದ. ಬಿಚ್ಚಿದ ಹಗ್ಗವನ್ನು ಎಲ್ಲಿಡಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನು ಕೈಗೆ ಸುತ್ತಿಕೊಂಡು ಒಳಗೆ ಹೋದ.