ತೆಂಗಿನೆಣ್ಣೆ ಕುಡಿದ ಮೆಷಿನಿನಲ್ಲಿ ಕೌದಿ ಹೊಲಿದೆ

ಹೋದ ವರ್ಷ ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಮುಗಿಯುವ ಹೊತ್ತಿಗೆ ನನ್ನ ದೊಡ್ಡ ಕೌದಿ ಮುಗಿಯಿತು. ಡಬಲ್ ಮಂಚದ್ದು, ಹೆಚ್ಚುಕಮ್ಮಿ 90 ಇಂಚು ಅಗಲ, 100 ಇಂಚು ಉದ್ದ. ತುಂಡು ಜೋಡಿಸಿದ್ದರಿಂದ ಹಿಡಿದು ಅಂಚು ಕಟ್ಟಿದ್ದರವರೆಗೆ ಎಲ್ಲ ಹೊಲಿಗೆಯೂ ಒಂದೇ ಕಪ್ಪು ಮೆಷಿನಿನದ್ದು. ಸಿಂಗರ್ 15ಕೆ, ಕಾಲಲ್ಲಿ ತುಳಿಯುವುದು. ಕರೆಂಟ್ ಇಲ್ಲ, ಮೋಟಾರ್ ಇಲ್ಲ. ಉಡುಪಿಯ ನನ್ನ ಮನೆಯ ಜಗಲಿಯಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ ಹೊಲಿದದ್ದು.

ಇದನ್ನು ಬರೆಯಲು ಒಂದು ಕಾರಣವಿದೆ. ಆಗುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ರಿಪೇರಿಯವರು ಮೆಷಿನಿನ ತಲೆ (ಸ್ಟ್ಯಾಂಡ್ ಬಿಟ್ಟು ಹೊಲಿಯುವ ಮೇಲಿನ ಭಾಗ) ನೋಡಿದ ಕೂಡಲೇ "ತೂಕಕ್ಕೆ ಹಾಕಿ ಅಕ್ಕಾ" ಎಂದಿದ್ದರು. ಕ್ವಿಲ್ಟ್ ಮಾಡುವ ಗೆಳತಿಯರು "ಅದು ರವಿಕೆ ಹೊಲಿಯುವ ಮೆಷಿನ್, ನಾಲ್ಕು ಪದರ ಎಳೆಯುವುದಿಲ್ಲ" ಎಂದರು. ಆದರೆ ಅವರಲ್ಲೇ ಇಬ್ಬರ ಹೊಸ ಕಂಪ್ಯೂಟರ್ ಮೆಷಿನುಗಳು ದಪ್ಪ ಜೋಡಣೆ ಬಂದಲ್ಲಿ ನಿಂತುಬಿಡುತ್ತವೆ. ನನ್ನದು ನಿಲ್ಲುವುದಿಲ್ಲ. ಹಳೆ ಜೀನ್ಸಿನ ನಾಲ್ಕು ಮಡಿಕೆಯ ಮೇಲೂ ಹತ್ತಿಸಿ ತೋರಿಸಿದ್ದೇನೆ.

ಈ 15ಕೆ ಶಿರ್ವದ ದೊಡ್ಡಮ್ಮನದ್ದು. ಬೊಂಬಾಯಿಯಲ್ಲಿ ಕೊಂಡು ಸ್ಟೀಮರಿನಲ್ಲಿ ಊರಿಗೆ ತಂದದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ನಂಬರ್ 'ವೈ' ಅಕ್ಷರದಿಂದ ಶುರುವಾಗುತ್ತದೆ. ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದ್ದು, 1920-30ರ ದಶಕಗಳದ್ದು. ಆ ಕಾರ್ಖಾನೆಯೇ 1980ರಲ್ಲಿ ಮುಚ್ಚಿತು. ಮೆಷಿನ್ ಇನ್ನೂ ಇದೆ, ನೋಡಿ.

ಸಿಕ್ಕಿದಾಗ ಚಕ್ರ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಎಲ್ಲರೂ ತುಕ್ಕು ಎಂದರು. ತುಕ್ಕು ಅಲ್ಲ, ತೆಂಗಿನೆಣ್ಣೆ. ನಮ್ಮ ಕಡೆ ಮೆಷಿನ್ ಎಣ್ಣೆ ಮುಗಿದರೆ ಅಡುಗೆಮನೆಯ ಕುಪ್ಪಿಯಿಂದ ನಾಲ್ಕು ಹನಿ ಬಿಡುವುದು ರೂಢಿ ಅಲ್ವಾ? ಆ ದಿನಕ್ಕೆ ಚೆನ್ನಾಗಿಯೇ ಓಡುತ್ತದೆ. ಹತ್ತು ವರ್ಷ ಮೂಲೆಗೆ ಸೇರಿದರೆ ಧೂಳು, ನೂಲಿನ ಜುಂಗು ಎಲ್ಲ ಆ ಎಣ್ಣೆಗೆ ಹತ್ತಿ ಮೇಣವಾಗುತ್ತದೆ, ಆಮೇಲೆ ವಾರ್ನಿಶ್ ಆಗುತ್ತದೆ. ನಾನು ಬಿಚ್ಚಿದ ಹನ್ನೊಂದು ಮೆಷಿನುಗಳಲ್ಲಿ ಏಳೆಂಟು ಹೀಗೆಯೇ ಕಚ್ಚಿಕೊಂಡಿದ್ದವು. ನಿಜವಾಗಿ ತುಕ್ಕಿನಿಂದ ಸತ್ತದ್ದು ಎರಡೇ. ಎರಡೂ ಮಲ್ಪೆ ಕಡೆಯವು, ಕಡಲ ಗಾಳಿ ತಿಂದವು.

ಮೊದಲ ಸಲ ನಾನು ಮಾಡಿದ್ದು ತಪ್ಪು. ತುಕ್ಕು ಬಿಡಿಸುವ ಸ್ಪ್ರೇ ಒಂದು ಡಬ್ಬಿ ಪೂರ್ತಿ ಹೊಡೆದೆ, ಸುಮಾರು 300 ರೂಪಾಯಿ. ಸಂಜೆಗೆ ಚಕ್ರ ತಿರುಗಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮೂರನೇ ದಿನ ಮತ್ತೆ ಕಚ್ಚಿತು, ಮೊದಲಿಗಿಂತ ಗಟ್ಟಿಯಾಗಿ. ಸ್ಪ್ರೇ ಮೇಣವನ್ನು ಕರಗಿಸಿ ಇನ್ನೂ ಒಳಗೆ ಇಳಿಸಿತ್ತು. ಅದು ಆರಿದ ಮೇಲೆ ಒಳಗೆ ಎಣ್ಣೆಯೂ ಇಲ್ಲ. ಒಬ್ಬರು ರಿಪೇರಿಯವರು ಸುತ್ತಿಗೆಯಲ್ಲಿ ಸೂಜಿ ಸರಳಿಗೆ ಎರಡು ಕೊಟ್ಟರು. ಸರಳು ಬಗ್ಗಿತು. ಬೇರೆ ಸರಳು, ಕೂಲಿ ಎಲ್ಲ ಸೇರಿ 600 ಹೋಯಿತು. ಆ ದಿನದಿಂದ ನನ್ನ ಮೆಷಿನುಗಳನ್ನು ನಾನೇ ಬಿಚ್ಚುತ್ತೇನೆ.

ಕೊನೆಗೆ ಕೆಲಸ ಮಾಡಿದ್ದು ತಾಳ್ಮೆ. ಸೀಮೆಎಣ್ಣೆ, ಮೆಷಿನ್ ಎಣ್ಣೆ ಬೆರೆಸಿ ಪ್ರತಿ ತೂತಿಗೂ, ಪ್ರತಿ ಕೀಲಿಗೂ ಹನಿ ಹನಿಯಾಗಿ ಬಿಡಬೇಕು. ಹೇರ್ ಡ್ರೈಯರಿನಲ್ಲಿ ಕೈ ತಾಳುವಷ್ಟೇ ಬಿಸಿ ಮಾಡಬೇಕು. ಬಿಸಿಯಾದಾಗ ಮೇಣ ಸಡಿಲ ಬೀಳುತ್ತದೆ, ಎಣ್ಣೆ ಒಳಗೆ ನುಗ್ಗುತ್ತದೆ. ಆಮೇಲೆ ಚಕ್ರವನ್ನು ಹಿಂದೆ ಮುಂದೆ ಸುಮ್ನೆ ಒತ್ತಿ ನೋಡಬೇಕು, ಬಲ ಹಾಕಬಾರದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ದೊಡ್ಡಮ್ಮನ ಮೆಷಿನಿಗೆ 19 ದಿನ ಬೇಕಾಯಿತು. ಹದಿನಾರನೇ ದಿನದವರೆಗೆ ಏನೂ ಇಲ್ಲ. ಹದಿನೇಳನೇ ದಿನ ಬೆರಳಿಗೆ ಏನೋ ಒಂದು ಸಣ್ಣ ಮಿಡಿತ ಸಿಕ್ಕಿತು. ಆ ಖುಷಿ ಈಗಲೂ ನೆನಪಿದೆ. ಎರಡು ಎಣ್ಣೆಗಳ ಪ್ರಮಾಣ ಎಷ್ಟು, ಅದಕ್ಕೆ ನಾನು ಸೇರಿಸುವ ಮೂರನೆಯದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ಕೈ ಕಪ್ಪು ಮಾಡಿ ಕಂಡುಕೊಂಡದ್ದು, ಅದು ನನ್ನಲ್ಲೇ ಇರಲಿ. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ. ಅರ್ಧ ಲೀಟರನ್ನು ಮೂರು ಮೆಷಿನಿಗೆ ಹಂಚಿದ್ದೇನೆ.

ಪೂರ್ತಿ ಬಿಟ್ಟ ಮೇಲೆ ಬರೀ ಮೆಷಿನ್ ಎಣ್ಣೆ ಹಾಕಿ ಅರ್ಧ ಗಂಟೆ ಖಾಲಿ ಓಡಿಸಿ. ಕಂದು ಬಣ್ಣದ ಕೊಳೆ ಹೊರಗೆ ಬರುತ್ತದೆ. ಅದು ಬರುವುದು ನಿಲ್ಲುವವರೆಗೆ ಒರೆಸುತ್ತಲೇ ಇರಬೇಕು. ಇಲ್ಲಿ ಅವಸರ ಮಾಡಿ ಎರಡು ಮೆಷಿನ್ ಮತ್ತೆ ಕಚ್ಚಿದವು.

ಇನ್ನೊಂದು ನಷ್ಟ ಹೇಳಲೇಬೇಕು. ಮಂಗಳೂರು ಬಂದರಿನ ಗುಜರಿಯಲ್ಲಿ ಸಿಂಗರ್ 28ಕೆ ಸಿಕ್ಕಿತು. ಕೈಯಲ್ಲಿ ತಿರುಗಿಸುವುದು, ಅಡಿ ನೂಲು ಇರುವ ದೋಣಿಯಂಥ ಶಟಲಿನದ್ದು. ಮೈತುಂಬ ಚಿನ್ನದ ಬಣ್ಣದ ಸ್ಫಿಂಕ್ಸ್ ಚಿತ್ರ. 1,200ಕ್ಕೆ ತಂದೆ. ಕೊಳೆ ಹೋಗಲಿ ಎಂದು ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದೆ. ಎರಡು ನಿಮಿಷದಲ್ಲಿ ಸ್ಫಿಂಕ್ಸಿನ ಮುಖ ಬಟ್ಟೆಯ ಮೇಲೆ ಬಂತು. ಹಳೆ ಸಿಂಗರುಗಳ ಚಿತ್ರದ ಮೇಲಿರುವುದು ಅರಗಿನ ಹೊಳಪು. ಅರಗು ಸ್ಪಿರಿಟಿಗೆ ಕರಗುತ್ತದೆ. ನನಗೆ ಅದು ಗೊತ್ತಿರಬೇಕಿತ್ತು. ಅವತ್ತು ಊಟ ಸೇರಲಿಲ್ಲ. ಈಗ ಚಿತ್ರವಿರುವ ಕಡೆ ಮೆಷಿನ್ ಎಣ್ಣೆ, ಹಳೆ ಬನಿಯನ್ನಿನ ತುಂಡು, ಇಷ್ಟೇ. ನಾಲ್ಕೈದು ಸಲ ಒರೆಸಿದರೆ ಚಿನ್ನ ತಾನಾಗಿ ಏಳುತ್ತದೆ. ಆ 28ಕೆಗೆ ಶಟಲೂ ಇರಲಿಲ್ಲ. ಹುಡುಕಿ ತರಿಸಿದ್ದಕ್ಕೆ 900 ಆಯಿತು. ಆದರೂ ಅದನ್ನು ಮಾರಿಲ್ಲ, ಸಣ್ಣ ತುಂಡು ಜೋಡಿಸಲು ಅದರಷ್ಟು ಹಿತವಾದದ್ದು ಇಲ್ಲ.

ಗುಜರಿಯ ವಿಷಯ ಬಂತಲ್ಲ, ಒಂದು ಮಾತು. ಈಗ ಎರಕದ ಸ್ಟ್ಯಾಂಡಿಗೆ ಬೆಲೆ, ತಲೆಗೆ ಇಲ್ಲ. ಸ್ಟ್ಯಾಂಡಿನ ಮೇಲೆ ಗ್ರಾನೈಟ್ ಇಟ್ಟು ಕೆಫೆಗಳಿಗೆ ಮೇಜು ಮಾಡುತ್ತಾರೆ. ತಲೆ ಬೇರೆ ಮೂಲೆಯಲ್ಲಿ ಬಿದ್ದಿರುತ್ತದೆ. ಒಂದು ತಲೆ ಹನ್ನೆರಡು ಹದಿಮೂರು ಕೆಜಿ ತೂಗುತ್ತದೆ, ಕಬ್ಬಿಣದ ಲೆಕ್ಕದಲ್ಲಿ ನಾನೂರು ರೂಪಾಯಿ ಚಿಲ್ಲರೆ. 700-800 ಕೊಟ್ಟರೆ ಅವರಿಗೂ ಸಂತೋಷ. ಕೊಳ್ಳುವಾಗ ನಾನು ಚಕ್ರ ತಿರುಗುತ್ತದಾ ಎಂದು ನೋಡುವುದೇ ಇಲ್ಲ. ಬಾಬಿನ್ (ಅಡಿ ನೂಲಿನ ಉರುಳೆ) ಜಾಗದಲ್ಲಿ ಬೆರಳು ಹಾಕಿ ನೂಲು ಹಿಡಿಯುವ ಕೊಕ್ಕೆಯ ಮೊನೆ ಇದೆಯಾ, ಮುರಿದಿದೆಯಾ ನೋಡುತ್ತೇನೆ. ಇನ್ನೊಂದು ಜಾಗವನ್ನೂ ನೋಡುತ್ತೇನೆ, ಅದನ್ನು ಹೇಳಿದರೆ ಬಂದರಿನಲ್ಲಿ ನನಗೆ ಮೆಷಿನ್ ಸಿಗುವುದಿಲ್ಲ.

ನಮ್ಮ ಅದೃಷ್ಟ ಏನೆಂದರೆ ಇಲ್ಲಿನ ಉಷಾ ಮುಂತಾದ ಕಪ್ಪು ಮೆಷಿನುಗಳಲ್ಲಿ ಹೆಚ್ಚಿನವು ಸಿಂಗರ್ 15ರ ಅಚ್ಚಿನವೇ. ಬಾಬಿನ್, ಕೇಸ್, ಸ್ಪ್ರಿಂಗ್ ಯಾವ ಪೇಟೆಯಲ್ಲೂ ಸಿಗುತ್ತವೆ. ಆದರೆ 40 ರೂಪಾಯಿಯ ಕೇಸ್ ತರಬೇಡಿ. ಅದರ ಸ್ಪ್ರಿಂಗ್ ಒಂದು ಕಡೆ ಎತ್ತಿರುತ್ತದೆ, ನೂಲು ಒಮ್ಮೆ ಬಿಗಿ ಒಮ್ಮೆ ಸಡಿಲ.

ನೂಲಿನ ಬಿಗಿಯಲ್ಲಿ ನಾನು ಕಳೆದದ್ದು ಮೂರು ವಾರ. ಬಟ್ಟೆಯ ಅಡಿಯಲ್ಲಿ ಗುಬ್ಬಿಗೂಡು ಕಟ್ಟುತ್ತಿತ್ತು. ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿದ್ದೇ ತಿರುಗಿಸಿದ್ದು. ಕೇಸ್ ಬದಲಿಸಿದೆ, ಸೂಜಿ ಬದಲಿಸಿದೆ, ನೂಲು ಬದಲಿಸಿದೆ. ತೊಂದರೆ ಇದ್ದದ್ದು ಮೇಲೆ. ಬಟ್ಟೆ ಒತ್ತಿ ಹಿಡಿಯುವ ಮೆಷಿನಿನ ಕಾಲು ಎತ್ತಿದಾಗ, ಮೇಲಿನ ನೂಲನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳನ್ನು ಬಿಡಿಸುವ ಸಣ್ಣ ಪಿನ್ ಇದೆಯಲ್ಲ, ಅದು ಹಳೆ ಎಣ್ಣೆಗೆ ಅಂಟಿಕೊಂಡಿತ್ತು. ಕಾಲು ಇಳಿಸಿದರೂ ತಟ್ಟೆಗಳು ಬಾಯಿ ಮುಚ್ಚುತ್ತಿರಲಿಲ್ಲ. ಪಿನ್ ತೆಗೆದು ಒರೆಸಿ ಹಾಕಿದೆ, ಐದು ನಿಮಿಷದ ಕೆಲಸ. ಅಡಿಯಲ್ಲಿ ಗೂಡು ಕಟ್ಟಿದರೆ ಮೊದಲು ಮೇಲೆ ನೋಡಿ.

ನಡುವೆ ಬಿಂಬುಳಿಯ ಪ್ರಯೋಗವೂ ಆಯಿತು. ಹಿತ್ತಲಲ್ಲಿ ಮರ ಇದೆ, ಹಣ್ಣು ಉದುರಿ ಹಾಳಾಗುತ್ತದೆ. ಹಿತ್ತಾಳೆ ಪಾತ್ರೆ ಬೆಳಗುವುದಕ್ಕೆ ಹಾಕುತ್ತೇವಲ್ಲ, ತುಕ್ಕಿಗೂ ಆಗಬೇಕು ಅನ್ನಿಸಿತು. ಅದರ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ರುಬ್ಬಿ ಸೋಸಿದ ರಸದಲ್ಲಿ ಸ್ಕ್ರೂ, ಕಾಲು, ಬಾಬಿನ್ ಮುಚ್ಚಳ ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ತುಕ್ಕು ಪೂರ್ತಿ ಹೋಗಿತ್ತು! ಲೋಹ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತ್ತು, ಉಜ್ಜಿದರೆ ಹೊಳಪು ಬಂತು. ಇನ್ನೊಂದು ಸಲ ಎರಡು ದಿನ ಮರೆತೆ. ಸ್ಕ್ರೂಗಳ ಮೈಯೆಲ್ಲ ತರಿತರಿ. ಹಾಗಾಗಿ ಒಂದು ರಾತ್ರಿ ಸಾಕು. ತೆಗೆದ ಮೇಲೆ ಸೋಡಾ ಪುಡಿ ಕರಗಿಸಿದ ನೀರಲ್ಲಿ ತೊಳೆದು, ಒಲೆಯ ಹತ್ತಿರ ಒಣಗಿಸಿ, ಕೂಡಲೇ ಎಣ್ಣೆ ಹಚ್ಚಬೇಕು. ನಮ್ಮ ಹವೆಗೆ ಒಂದು ಗಂಟೆ ಬಿಟ್ಟರೂ ಹೊಸ ತುಕ್ಕು ಬರುತ್ತದೆ.

ಇನ್ನು ಕೌದಿ. ಬಿಗಿಯಾದ ನೇರ ಹೊಲಿಗೆಗೆ ಈ ಮೆಷಿನುಗಳನ್ನು ಮೀರಿಸುವುದು ಇಲ್ಲ. ಸೂಜಿ ತಟ್ಟೆಯಲ್ಲಿ ಒಂದೇ ಸಣ್ಣ ತೂತು. ಬಟ್ಟೆ ಒಳಗೆ ಜಗ್ಗುವುದಿಲ್ಲ. ಎರಡು ಬದಲಾವಣೆ ಮಾಡಿದೆ. ಕಾಲಿನ ಮೇಲಿನ ಒತ್ತು ಸ್ಕ್ರೂವನ್ನು ಎರಡೂವರೆ ಸುತ್ತು ಸಡಿಲಿಸಿದೆ. 16 ನಂಬರ್ ಸೂಜಿ ಹಾಕಿದೆ. ಅಷ್ಟಕ್ಕೇ ಮೇಲಿನ ಪದರ ಮುಂದೆ ತಳ್ಳುವುದು ಮುಕ್ಕಾಲು ನಿಂತಿತು. ಉಳಿದ ಕಾಲು ಭಾಗಕ್ಕೆ ವಾಕಿಂಗ್ ಫೂಟ್ (ಮೇಲಿನ ಪದರವನ್ನೂ ಜೊತೆಗೆ ಎಳೆಯುವ ಮೆಷಿನ್ ಕಾಲು) ತರಿಸಿದೆ, 650 ರೂಪಾಯಿ. 15ಕ್ಕೆ ಸರಿಯಾಗಿ ಕೂತಿತು. ಆದರೆ ತುಳಿಯುವಾಗ ಗಡಗಡ ಸದ್ದು. ಉದ್ದ ಸಾಲುಗಳಿಗೆ ಮಾತ್ರ ಹಾಕುತ್ತೇನೆ.

ಸುತ್ತಿಸುತ್ತಿ ಹೊಲಿಯಲು ಅಡಿಯಿಂದ ಬಟ್ಟೆ ದೂಡುವ ಹಲ್ಲು ಇಳಿಯಬೇಕು. ದೊಡ್ಡಮ್ಮನ ಮೆಷಿನಿನಲ್ಲಿ ಅದು ಇಳಿಯುವುದಿಲ್ಲ. ಹಲ್ಲಿನ ಮೇಲೆ ಪ್ಲಾಸ್ಟಿಕ್ ಕಾರ್ಡ್ ಕತ್ತರಿಸಿ ಅಂಟಿಸಿದೆ, ಎರಡು ದಿನಕ್ಕೆ ಜಾರಿತು. ಆಮೇಲೆ ಸೂಜಿ ತಟ್ಟೆಯ ಅಡಿಗೆ ತೆಳು ವಾಷರ್ ಇಟ್ಟು ತಟ್ಟೆಯನ್ನೇ ಎತ್ತಿದೆ. ಅದು ನಿಂತಿತು.

ಒಳಗೆ ಹಾಕುವುದಕ್ಕೆ ಮೊದಲು ಪಾಲಿಯೆಸ್ಟರ್ ವ್ಯಾಡಿಂಗ್ ತಂದಿದ್ದೆ. ಉಬ್ಬಿಕೊಂಡು ಕಾಲಿನ ಅಡಿ ಹೋಗಲಿಲ್ಲ, ಸೆಕೆಗೆ ಹೊದೆಯಲೂ ಆಗಲಿಲ್ಲ. ಅಲ್ಲಿ 1,400 ನೀರಿಗೆ ಹೋಯಿತು. ಬಯಲುಸೀಮೆಯ ಕೌದಿಯಲ್ಲಿ, ಯಲ್ಲಾಪುರ ಹಳಿಯಾಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಹಾಕುವುದು ಹಳೆ ಸೀರೆ, ಹಳೆ ಬಟ್ಟೆಯೇ ಅಲ್ವಾ? ನಾನೂ ಅಮ್ಮನ ಎರಡು ಹಳೆ ಉಡುಪಿ ಸೀರೆ ಹಾಕಿದೆ. ನಮ್ಮ ಹವೆಗೆ ಇದೇ ಸರಿ.

ಹಳೆ ಸೀರೆ ಮೆತ್ತಗೆ, ಜಾರುತ್ತದೆ. ಅದಕ್ಕೆ ಗಂಜಿ ಹಾಕಿದೆ. ಕುಚ್ಚಲಕ್ಕಿ ಗಂಜಿ ಹಾಕಿ ಬಿಳಿ ಬಟ್ಟೆ ಕೆಂಪು ಮಾಡಿಕೊಂಡೆ, ಆಮೇಲೆ ಬೆಳ್ತಿಗೆ (ಬಿಳಿ) ಅಕ್ಕಿಯ ತಿಳಿ ಗಂಜಿ. ಇಸ್ತ್ರಿ ಹಾಕಿದರೆ ಕಾಗದದ ಹಾಗೆ ನಿಲ್ಲುತ್ತದೆ, ಕಾಲಿಂಚು ಹೊಲಿಗೆ ಎಲ್ಲೂ ತಪ್ಪುವುದಿಲ್ಲ. ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆ ವಾರಕ್ಕಿಂತ ಜಾಸ್ತಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ನನ್ನದು ಒಂದು ಕಟ್ಟು ಹೋಯಿತು.

15ರ ಕೈಯಡಿ ಜಾಗ (ಸೂಜಿಗೂ ಮೆಷಿನಿನ ಕಂಬಕ್ಕೂ ನಡುವಿನದ್ದು) ಆರೂವರೆ ಇಂಚಿನ ಆಸುಪಾಸು. ಅಷ್ಟರಲ್ಲಿ 90 ಇಂಚಿನ ಕೌದಿ ಸುರುಳಿ ಸುತ್ತಿ ನೂಕಲು ಆಗುವುದಿಲ್ಲ. ಗೆಳತಿಯರು ಹಿಡಿದದ್ದೂ ಇದೇ ಮಾತನ್ನು. ನಾನು ಮೂರು ಪಟ್ಟಿ ಮಾಡಿ ಒಂದೊಂದನ್ನೂ ಬೇರೆ ಬೇರೆ ಹೊಲಿದು ಕೊನೆಗೆ ಸೇರಿಸಿದೆ. ಸೇರಿಕೆ ಎಲ್ಲಿ ಎಂದು ಇವತ್ತಿನವರೆಗೆ ಯಾರೂ ತೋರಿಸಿಲ್ಲ.

ಮಳೆಯಲ್ಲಿ ಚರ್ಮದ ಬೆಲ್ಟ್ ಹಿಗ್ಗುತ್ತದೆ, ತುಳಿದರೆ ಜಾರುತ್ತದೆ. ನೈಲಾನ್ ಹಗ್ಗ, ಸೈಕಲ್ ಟ್ಯೂಬ್ ಎರಡೂ ನೋಡಿದೆ. ಹಗ್ಗ ಜಾರಿತು, ಟ್ಯೂಬ್ ಎಳೆದೆಳೆದು ಕುಣಿಯಿತು. ಚರ್ಮವೇ ಸರಿ. ಜೂನಿನಲ್ಲಿ ಕಾಲಿಂಚು ಕತ್ತರಿಸಿ ಪಿನ್ ಹೊಡೆಯುತ್ತೇನೆ, ಬೇಸಗೆಗೆ ಬೇರೆ ಬೆಲ್ಟ್. ಹೊಲಿಯದ ಮೆಷಿನುಗಳನ್ನು ಇಟ್ಟ ಕಪಾಟಿನಲ್ಲಿ ಹಳೆ ಕಾಲದ 40 ವ್ಯಾಟಿನ ತಂತಿ ಬಲ್ಬ್ ಉರಿಯುತ್ತದೆ. ಎಲ್‌ಇಡಿ ಹಾಕಿ ಒಂದು ಮಳೆಗಾಲ ಕಳೆದೆ, ಅದರಲ್ಲಿ ಬಿಸಿಯೇ ಇಲ್ಲ, ಮೂರು ಮೆಷಿನಿಗೆ ತುಕ್ಕು ಬಂತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹನ್ನೊಂದು ಮೆಷಿನಿನಲ್ಲಿ ಏಳು ಓಡುತ್ತವೆ, ನಾಲ್ಕು ಬಿಡಿಭಾಗಕ್ಕೆ. ತಲೆಗಳಿಗೆ ಸುಮಾರು 14,000, ಸ್ಟ್ಯಾಂಡು, ಬಿಡಿಭಾಗ, ಹಾಳು ಮಾಡಿದ್ದು ಎಲ್ಲ ಸೇರಿ ಇನ್ನೊಂದು 24,000. ಮೂರು ಮೆಷಿನ್ ಮಾರಿದ್ದರಿಂದ 19,000 ಚಿಲ್ಲರೆ ಬಂತು. ಮಣಿಪಾಲದವರೊಬ್ಬರು ಸಣ್ಣ ಕೌದಿಗೆ 8,500 ಕೊಟ್ಟರು. ದೊಡ್ಡದನ್ನು ಕೇಳಿದವರಿದ್ದಾರೆ, ಕೊಟ್ಟಿಲ್ಲ. ತೂಕಕ್ಕೆ ಹಾಕಿ ಎಂದ ರಿಪೇರಿಯವರು ಕಳೆದ ತಿಂಗಳು ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವರ ಅಂಗಡಿಗೆ ಬಂದ ಒಂದು ಕಚ್ಚಿದ ತಲೆಯನ್ನು ನನ್ನ ಹತ್ತಿರ ಕಳಿಸಿದ್ದಾರೆ.

ಅದು ಜರ್ಮನಿಯ ಪ್ಫಾಫ್ 30. ಜಗಲಿಯಲ್ಲಿ ಹಳೆ ತಟ್ಟೆಯ ಮೇಲೆ ಕೂತಿದೆ. ಇವತ್ತಿಗೆ ಹನ್ನೊಂದು ದಿನ. ಮೂಸಿದರೆ ಇದರಲ್ಲೂ ತೆಂಗಿನೆಣ್ಣೆಯ ಕಮಟು ವಾಸನೆ. ಚಕ್ರ ಇನ್ನೂ ಅಲುಗಿಲ್ಲ. ರಾತ್ರಿಯ ಹನಿ ಬಿಡಲು ಹೊತ್ತಾಯಿತು.