ಮೊಸಳೆಯ ಪಳೆಯುಳಿಕೆ ಹಲ್ಲು: ಹುಡುಕುವ, ಗುರುತಿಸುವ, ಮಳೆಯಿಂದ ಕಾಪಾಡುವ ಬಗೆ

ಪ್ರಾಗೈತಿಹಾಸಿಕ ಮೊಸಳೆಗಳ ಹಲ್ಲುಗಳನ್ನು ಸಂಗ್ರಹಿಸಬಯಸುವ ಕೊಡಗಿನ ಆಸಕ್ತರು ಮೊದಲು ಮಾಡಬೇಕಾದುದು, ಸ್ವಂತ ಜಿಲ್ಲೆಯಲ್ಲಿ ಅವುಗಳನ್ನು ಹುಡುಕುವ ಆಸೆಯನ್ನು ಬಿಡುವುದು. ಇಲ್ಲಿನ ಚಾರ್ನೊಕೈಟ್ ಮತ್ತು ನೈಸ್ ಬಂಡೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು. ಹಲ್ಲಿರುವ ಯಾವ ಜೀವಿಯೂ ಹುಟ್ಟುವ ಮೊದಲೇ ಅವು ಭೂಗರ್ಭದ ಶಾಖ ಮತ್ತು ಒತ್ತಡದಲ್ಲಿ ಬೆಂದು ರೂಪಾಂತರಗೊಂಡಿವೆ. ಪಳೆಯುಳಿಕೆಗೆ ಬೇಕಾದುದು ನೀರಿನ ತಳದಲ್ಲಿ ಪದರಪದರವಾಗಿ ಕೂಡಿದ ಜಲಜ ಶಿಲೆ.

ತಲಕಾವೇರಿಯ ಹೊಳೆಯ ಹೆಸರನ್ನೇ ಹೊತ್ತ ‘ಕಾವೇರಿ ಬೇಸಿನ್’ ಎಂಬ ಜಲಜ ಶಿಲೆಯ ತಗ್ಗುಪ್ರದೇಶಕ್ಕೆ ಸೇರಿದ, ತಮಿಳುನಾಡಿನ ಅರಿಯಲೂರು ಸೀಮೆಯಲ್ಲಿ ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್‌ನ ಅಂಥ ಪದರಗಳಿವೆ. ಮಡಗಾಸ್ಕರಿನ ಸಿಮೋಸುಕಸ್ ಎಂಬ, ಸೊಪ್ಪುಸದೆ ತಿನ್ನುತ್ತಿತ್ತೆಂದು ಊಹಿಸಲಾದ ಮೊಸಳೆಬಂಧುವಿನ ಹಲ್ಲನ್ನು ಹೋಲುವ ಹಲ್ಲೊಂದು ಅಲ್ಲಿನ ಕಲ್ಲಮೇಡು ಪದರದಲ್ಲಿ ದೊರೆತಿರುವುದನ್ನು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಗಣಿ ಅಥವಾ ಖಾಸಗಿ ಜಮೀನಿಗೆ ಕಾಲಿಡುವ ಮೊದಲು ಮಾಲೀಕರ ಲಿಖಿತ ಒಪ್ಪಿಗೆ ಪಡೆಯಬೇಕು. ಹಿಮಾಚಲ ಪ್ರದೇಶದ ಸಾಕೇತಿಯ ಶಿವಾಲಿಕ್ ಪಳೆಯುಳಿಕೆ ಉದ್ಯಾನದಂಥ ರಕ್ಷಿತ ತಾಣಗಳು ನೋಡಿ ಕಲಿಯುವುದಕ್ಕೆ ಮಾತ್ರ. ಅಲ್ಲಿಂದ ಚೂರನ್ನೂ ತರುವಂತಿಲ್ಲ.

ಕಾವೇರಿಯ ದಡದಲ್ಲಿ ಹೊಸ ಹಲ್ಲೇನಾದರೂ ಕಂಡರೆ ಅದನ್ನು ಮುಟ್ಟದಿರುವುದು ಲೇಸು. ಇಂದಿನ ಮೊಸಳೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅದರ ಹಲ್ಲನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧವೇ.

ಗುರುತಿಸುವಿಕೆಗೆ ಹೆಚ್ಚಿನ ಗಮನ ಬೇಕು. ಮೊಸಳೆಗೆ ಜೀವಮಾನವಿಡೀ ಹಲ್ಲು ಉದುರಿ ಹೊಸತು ಬರುತ್ತಲೇ ಇರುತ್ತದೆ. ಒಂದೇ ಪ್ರಾಣಿ ಸಾವಿರಾರು ಹಲ್ಲುಗಳನ್ನು ಉದುರಿಸಬಲ್ಲದು. ಹೊಸ ಹಲ್ಲು ಹಳೆಯದರ ಕೆಳಗಿನಿಂದಲೇ ಬೆಳೆಯುತ್ತ ಅದರ ಬೇರನ್ನು ಕರಗಿಸುವುದರಿಂದ, ಸಿಕ್ಕುವ ಹಲ್ಲುಗಳಲ್ಲಿ ಹೆಚ್ಚಿನವು ಬುಡ ಟೊಳ್ಳಾದ ಶಂಕುವಿನಾಕಾರದ ತುದಿಭಾಗಗಳು. ಭೂತಗನ್ನಡಿಯಲ್ಲಿ ನೋಡಿದರೆ ಸಾಮಾನ್ಯವಾಗಿ ಎದುರುಬದುರಾಗಿ ಎರಡು ಏಣುಗಳು ತುದಿಯವರೆಗೆ ಸಾಗಿರುವುದು ಕಾಣುತ್ತದೆ. ಹೆಚ್ಚಿನ ಜಾತಿಗಳಲ್ಲಿ ಅವು ನುಣುಪು, ಆದರೆ ಕೆಲವು ಅಳಿದುಹೋದ ಜಾತಿಗಳಲ್ಲಿ ಗರಗಸದಂತೆ ಹಲ್ಲುಹಲ್ಲಾಗಿರುತ್ತವೆ. ಆದ್ದರಿಂದ ಗರಗಸದ ಅಂಚು ಕಂಡೊಡನೆ ಡೈನೋಸಾರ್ ಎಂದು ಸಂಭ್ರಮಿಸಬಾರದು. ಮೊರೊಕ್ಕೊದಿಂದ ಬರುವ ಹಲ್ಲುಗಳನ್ನು ಕೊಳ್ಳುವವರಂತೂ ಇನ್ನಷ್ಟು ಎಚ್ಚರದಿಂದಿರಬೇಕು: ಮುರಿದ ಚೂರುಗಳನ್ನು ಅಂಟಿಸಿ, ಅಂಟಿನ ಮೇಲೆ ಮರಳು ಮೆತ್ತಿ ಮಾರುವುದುಂಟು. ಅತಿನೇರಳೆ ಟಾರ್ಚಿನ ಬೆಳಕಿನಲ್ಲಿ ಅನೇಕ ಅಂಟುಗಳು ಬೇರೆಯಾಗಿ ಹೊಳೆಯುತ್ತವೆ.

ಹಲ್ಲು ಸಿಕ್ಕ ಸ್ಥಳದಲ್ಲೇ, ಅದನ್ನು ಎತ್ತುವ ಮೊದಲೇ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಜಾಗದ ಅಕ್ಷಾಂಶ-ರೇಖಾಂಶ, ಶಿಲಾಪದರದ ಬಣ್ಣ ಮತ್ತು ದಿನಾಂಕವನ್ನು ಬರೆದುಕೊಳ್ಳಬೇಕು. ವಿಳಾಸವಿಲ್ಲದ ದೊಡ್ಡ ಹಲ್ಲಿಗಿಂತ ವಿಳಾಸವಿರುವ ಚೂರು ಸಂಶೋಧಕರಿಗೆ ಹೆಚ್ಚು ಉಪಯುಕ್ತ. ಅಸಾಮಾನ್ಯವಾದುದು, ಅದರಲ್ಲೂ ದವಡೆಯಲ್ಲೇ ಇರುವ ಹಲ್ಲು, ಕಂಡರೆ ಕೀಳದೆ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಬೇಕು.

ಶುಚಿಗೊಳಿಸಲು ಮೆತ್ತನೆಯ ಬ್ರಷ್, ಬಿದಿರಿನ ಕಡ್ಡಿ, ಸ್ವಲ್ಪ ನೀರು ಸಾಕು. ವಿನೆಗರ್ ಆಗಲಿ ನಮ್ಮ ಕಾಚಂಪುಳಿಯಾಗಲಿ ತಾಗಬಾರದು. ಹುಳಿಯ ಸ್ಥಾನ ಪಂದಿಕರಿಯಲ್ಲಿ, ಪಳೆಯುಳಿಕೆಯ ಮೇಲಲ್ಲ. ಬಿರುಕು ಬಿಟ್ಟ ಹಲ್ಲಿಗೆ ಅಸಿಟೋನಿನಲ್ಲಿ ತೆಳುವಾಗಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ರಾಳವನ್ನು ಕಿಟಕಿ ತೆರೆದಿಟ್ಟು, ಒಲೆಯಿಂದ ದೂರದಲ್ಲಿ ಹಚ್ಚಬಹುದು. ಬೇಡವೆನಿಸಿದಾಗ ಅದನ್ನು ಅಸಿಟೋನಿನಿಂದಲೇ ತೆಗೆಯಲೂಬಹುದು.

ಕೊಡಗಿನವರ ನಿಜವಾದ ಕಷ್ಟ ಆರಂಭವಾಗುವುದು ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ. ಕೆಲವು ಸಮುದ್ರಮೂಲದ ಪದರಗಳ ಹಲ್ಲುಗಳಲ್ಲಿ ಕಬ್ಬಿಣ-ಗಂಧಕಗಳ ಪೈರೈಟ್ ಖನಿಜವಿದ್ದು, ಗಾಳಿಯ ತೇವಾಂಶ ಶೇ 60ನ್ನು ಮೀರಿದರೆ ಅದು ಬೇಗನೆ ಆಮ್ಲಜನಕದೊಡನೆ ವರ್ತಿಸಿ, ಆಮ್ಲವಾಗಿ ಹಲ್ಲನ್ನೇ ಒಡೆಯುತ್ತದೆ. ಹಾಗಾಗಿ ಸಿಲಿಕಾ ಜೆಲ್ ಪೊಟ್ಟಣವಿಟ್ಟ ಗಾಳಿಯಾಡದ ಡಬ್ಬಿಯೇ ಬೇಕು. ಮರದ ಪೆಟ್ಟಿಗೆ, ಅಟ್ಟ ಎರಡೂ ಬೇಡ. ಜೆಲ್‌ನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬದಲಾಯಿಸಬೇಕು. ಹಲ್ಲಿನ ಮೇಲೆ ಬಿಳಿ ಅಥವಾ ಹಳದಿ ಪುಡಿ ಕಂಡು ಗಂಧಕದ ವಾಸನೆ ಬಂದರೆ, ಅದನ್ನು ತಕ್ಷಣ ಉಳಿದವುಗಳಿಂದ ಬೇರ್ಪಡಿಸಿ, ಒಣಬಟ್ಟೆಯಿಂದ ಪುಡಿಯನ್ನು ತೆಗೆದು, ಹೊಸ ಜೆಲ್‌ನೊಡನೆ ಬೇರೆ ಡಬ್ಬಿಯಲ್ಲಿಡಬೇಕು.